ದೊಡ್ಡಪ್ಪನನ್ನು ಹೊತ್ತ ಮೀನಕ್ಕ

ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಸಾಕುಪ್ರಾಣಿಗಳ ಅಂಗಡಿಯ ಶಟರ್ ಅರ್ಧಕ್ಕೆ ಎದ್ದಿದೆ, ಒಳಗಿನ ದೀಪಗಳೆಲ್ಲ ಆರಿವೆ. ಗೋಡೆಯುದ್ದದ ಗಾಜಿನ ತೊಟ್ಟಿಯ ಪಕ್ಕ ಸ್ಟೂಲಿನ ಮೇಲೆ ನಿಂತ ಹೆಂಗಸೊಬ್ಬರು ಭುಜದವರೆಗೂ ಕೈ ಇಳಿಬಿಟ್ಟು ಮೀನಿನ ಕಿವಿಯಲ್ಲಿ ಏನೋ ಹೇಳುತ್ತಿದ್ದಾರೆ. ಮೀನಿಗೆ ಕಿವಿ ಎಲ್ಲಿದೆ ಎಂದು ನನ್ನನ್ನು ಕೇಳಬೇಡಿ.

"ಬಾರಪ್ಪ, ಗಲಾಟೆ ಮಾಡ್ಬೇಡ. ಹೊಸ ಮನೆಗೆ ಹೋಗೋಣ. ಮೀಸೆ ಒಳಗೆ ತಗೋ."

ಮೀಸೆ ಇರುವುದು ನಿಜ. ಕೆಂಪು ಬಾಲದ ಈ ಕ್ಯಾಟ್‌ಫಿಶ್‌ಗೆ ಅಂಗಡಿಯಲ್ಲಿ 'ದೊಡ್ಡಪ್ಪ' ಎಂದೇ ಹೆಸರು. ಯಾರೋ ಬೆರಳುದ್ದದ ಮರಿಯನ್ನು ಚೆಂದ ಕಂಡು ಮನೆಗೆ ಒಯ್ದಿದ್ದರು. ಅದು ಜೊತೆಯಲ್ಲಿದ್ದ ಮೀನುಗಳನ್ನೆಲ್ಲ ಒಂದೊಂದಾಗಿ ನುಂಗಿ, ಎರಡು ಮೊಳ ಬೆಳೆದು, ಕೊನೆಗೆ ಬಕೆಟ್ಟಿನಲ್ಲಿ ಅಂಗಡಿಗೇ ವಾಪಸ್ ಬಂತು. ಇಲ್ಲಿಯ ತೊಟ್ಟಿಯೂ ಈಗ ಸಾಲದು. ತಿರುಗಬೇಕಾದರೆ ಮೈ ಬಾಗಿಸಿ, ಬಾಲವನ್ನು ಗಾಜಿಗೆ ಉಜ್ಜಿಕೊಂಡೇ ತಿರುಗಬೇಕು. ಅಂಗಡಿಯೇ ಈ ತಿಂಗಳು ಚಿಕ್ಕ ಮಳಿಗೆಗೆ ಹೋಗುತ್ತಿರುವುದರಿಂದ ದೊಡ್ಡಪ್ಪನಿಗೆ ಅಷ್ಟು ಜಾಗವೂ ಇರುವುದಿಲ್ಲ.

ಅದಕ್ಕೇ ಮೀನಕ್ಕ ಬಂದಿದ್ದಾರೆ. ಈ ಪಟ್ಟಣದ ಅಂಗಡಿಯವರೆಲ್ಲ ಅವರನ್ನು ಕರೆಯುವುದೇ ಹಾಗೆ. ಮಿತಿಮೀರಿ ಬೆಳೆದ ಮೀನುಗಳನ್ನು ಅಂಗಡಿಗಳಿಂದ ಕೊಂಡು, ದೊಡ್ಡ ಕೊಳ ಇರುವವರಿಗೆ ತಲುಪಿಸುವುದು ಅವರ ಕಸುಬು. ಇಂಥ ಕಸುಬೊಂದಿದೆ ಎಂದು ನನಗೂ ಮೊನ್ನೆ ಮೊನ್ನೆಯವರೆಗೆ ಗೊತ್ತಿರಲಿಲ್ಲ. ಅದರ ಬಗ್ಗೆ ಬರೆಯಲೆಂದೇ ಇವತ್ತು ಅವರ ಜೊತೆ ಬಂದಿದ್ದೇನೆ. ದೊಡ್ಡಪ್ಪ ಈಗ ಹೋಗಬೇಕಿರುವುದು ಊರಾಚೆಯ ಉದ್ಯಾನದ ಗಾಜಿನ ಮನೆಗೆ. ಅಲ್ಲಿನ ಬೆಚ್ಚಗಿನ ಕೊಳಕ್ಕೆ.

ಮೊದಲು ಮೀನಕ್ಕ ಇದೇ ಅಂಗಡಿಗಳ ತೊಟ್ಟಿ ತೊಳೆಯುತ್ತಿದ್ದವರು. "ಸಣ್ಣ ಮೀನು ಕೇಳ್ಕೊಂಡು ಜನ ಬರ್ತಾರೆ. ದೊಡ್ಡದನ್ನ ನೋಡಿ ಫೋಟೊ ತಗೊಂಡು ಹೋಗ್ತಾರೆ ಅಷ್ಟೆ. ಪಾಪ ಅದು ಮೂಲೇಲಿ ಮಡಚಿಕೊಂಡು ಬಿದ್ದಿರುತ್ತೆ. ನೋಡಿ ನೋಡಿ ನಂಗೇ ಉಸಿರು ಕಟ್ಟಿದ ಹಾಗಾಗೋದು" ಎನ್ನುತ್ತಾರೆ. ಒಂದು ಬೆಳಗ್ಗೆ ಸಂಬಳದ ಬದಲು ಅಂಥದ್ದೊಂದು ಮೀನನ್ನೇ ಕೇಳಿ ಪಡೆದು, ಹೋಟೆಲೊಂದರ ಕೊಳಕ್ಕೆ ಮಾರಿದರು. ಮನೆಯಲ್ಲಿ ರಾದ್ಧಾಂತವೇ ಆಯಿತಂತೆ. ಈಗ ಗಂಡ ವ್ಯಾನು ಓಡಿಸುತ್ತಾರೆ. ಅತ್ತೆ ಹಿಂದೆ ಕೂತು ಗಾಳಿಯ ಪಂಪನ್ನು ಕಾಯುತ್ತಾರೆ. ಬೇರೆಯವರನ್ನು ಅಲ್ಲಿ ಕೂರಲು ಅತ್ತೆ ಬಿಡುವುದೂ ಇಲ್ಲ.

ಸುಲಭದ ಬದುಕಲ್ಲ. ಅಂಗೈ ತುಂಬ ಮುಳ್ಳು ಚುಚ್ಚಿದ ಕಲೆ, ವರ್ಷವಿಡೀ ಒದ್ದೆ ಬಟ್ಟೆ. ಮೈಗೆ ಅಂಟಿದ ವಾಸನೆಗೆ ಬಸ್ಸಿನಲ್ಲಿ ಪಕ್ಕದವರು ಎದ್ದು ಹೋಗುತ್ತಾರೆ. "ಒಳ್ಳೇದೇ ಆಯ್ತು, ಆರಾಮಾಗಿ ಕಿಟಕಿ ಸೀಟು ಸಿಗುತ್ತೆ" ಎಂದು ಅವರು ನಗುತ್ತಾರೆ.

ಬಲೆ ಅವರಿಗೆ ಆಗದು. ಈಜುರೆಕ್ಕೆಯ ಮುಳ್ಳು ಸಿಕ್ಕಿಕೊಂಡು ಮೀನಿನ ಮೈ ಹರಿದುಹೋಗುತ್ತದೆ. ಕತ್ತಲೆಯಲ್ಲೇ ಅದರ ಕಣ್ಣ ಮೇಲೆ ಒದ್ದೆ ಕಪ್ಪು ಬಟ್ಟೆ ಹಾಕಿ, ಹಳೆಯ ಬೆಡ್‌ಶೀಟಿನಲ್ಲಿ ಮಗುವಿನಂತೆ ಸುತ್ತಿ ಎತ್ತುತ್ತಾರೆ. ಎಲ್ಲಕ್ಕಿಂತ ಮುಖ್ಯ ಉಪವಾಸ. ಹೊರಡುವ ಮೊದಲು ಮೂರು ದಿನ ಮೀನಿಗೆ ತಿನಿಸು ಕೂಡದು. ಹೊಟ್ಟೆ ತುಂಬಿದ್ದರೆ ಗಾಬರಿಗೆ ಎಲ್ಲ ಕಕ್ಕಿಬಿಡುತ್ತದೆ, ಸಾಗಿಸುವ ಪೆಟ್ಟಿಗೆಯ ನೀರು ವಿಷವಾಗುತ್ತದೆ.

"ಏನೂ ಕೊಟ್ಟಿಲ್ಲ ತಾನೇ?" ಮೀನಕ್ಕ ಕೇಳುತ್ತಾರೆ.

"ಇಲ್ಲ ಅಕ್ಕಾ" ಎನ್ನುತ್ತಾನೆ ಅಂಗಡಿಯಾತ, ತೊಟ್ಟಿಯ ಕಡೆ ನೋಡುತ್ತ.

ಮೀನು ಪೆಟ್ಟಿಗೆಗೆ ಇಳಿಯುತ್ತದೆ, ನನ್ನನ್ನೂ ಹತ್ತಿಸಿಕೊಂಡು ವ್ಯಾನು ಹೊರಡುತ್ತದೆ. ಅಂಗಡಿಯಾತನೂ ಮನಸ್ಸು ತಡೆಯದೆ ಸ್ಕೂಟರಿನಲ್ಲಿ ಹಿಂದೆ ಬರುತ್ತಿದ್ದಾನೆ. ಸೇತುವೆ ದಾಟಿ ಸ್ವಲ್ಪ ದೂರ ಹೋಗುವಷ್ಟರಲ್ಲಿ ಅತ್ತೆ ಕಿರುಚುತ್ತಾರೆ: "ಕಕ್ತಾ ಇದೆ ಕಣೇ! ನಿಲ್ಸೋ ಗಾಡಿ!"

ಮುಚ್ಚಳ ತೆಗೆದರೆ ನೀರೆಲ್ಲ ಬಗ್ಗಡ, ಮೇಲೆ ಅರೆಬರೆ ಅರಗಿದ ಸಿಗಡಿ ತೇಲುತ್ತಿದೆ. ದೊಡ್ಡಪ್ಪ ಬಾಯಿ ತೆರೆದು ಮುಚ್ಚುತ್ತ ಒಂದು ಕಡೆಗೆ ವಾಲುತ್ತಿದ್ದಾನೆ. ಸ್ಕೂಟರ್ ನಿಲ್ಲಿಸಿ ಬಂದು ನೋಡಿದ ಅಂಗಡಿಯಾತ ಅಳತೊಡಗುತ್ತಾನೆ.

"ನಿನ್ನೆ ರಾತ್ರಿ ಸ್ವಲ್ಪ... ಹಸ್ಕೊಂಡು ಹೋಗ್ಬಾರ್ದಲ್ಲ ಅಂತ..."

"ಅಳೋದು ಆಮೇಲೆ" ಎನ್ನುತ್ತಾರೆ ಮೀನಕ್ಕ. "ಇಲ್ಲಿ ಹತ್ತಿರ ಹಳೇ ನೀರಿರೋ ತೊಟ್ಟಿ ಯಾರತ್ರ ಇದೆ?"

ನಲ್ಲಿಯ ನೀರು ಆಗದು, ಅದರಲ್ಲಿನ ಕ್ಲೋರಿನ್ನೇ ಮೀನನ್ನು ಕೊಲ್ಲುತ್ತದೆ. ಹತ್ತಿರದಲ್ಲಿರುವುದು ಇನ್ನೊಂದೇ ಮೀನಿನ ಅಂಗಡಿ. ಅದರ ಮಾಲೀಕನಿಗೂ ನಮ್ಮ ಅಂಗಡಿಯಾತನಿಗೂ ಎಣ್ಣೆ ಸೀಗೆಕಾಯಿ. ಗಿರಾಕಿಗಳಿಗಾಗಿ ಜಗಳವಾಡಿ ಮಾತು ಬಿಟ್ಟು ವರ್ಷಗಳಾಗಿವೆ. ಮೀನಕ್ಕ ಅದನ್ನೆಲ್ಲ ಲೆಕ್ಕಕ್ಕೇ ತೆಗೆದುಕೊಳ್ಳದೆ ವ್ಯಾನನ್ನು ಅಲ್ಲಿಗೇ ತರಿಸಿ ಶಟರ್ ಬಡಿಯುತ್ತಾರೆ. ಮಹಡಿಯಿಂದ ಹಲ್ಲುಜ್ಜುತ್ತಲೇ ಇಳಿದು ಬಂದ ಮಾಲೀಕ ಮೀನನ್ನು ನೋಡುತ್ತಾನೆ, ಸ್ಕೂಟರಿನ ಪಕ್ಕ ನಿಂತವನನ್ನೂ ನೋಡುತ್ತಾನೆ. ಬ್ರಷ್ ಬಾಯಿಂದ ಹೊರಗೆ ಬರುತ್ತದೆ.

"ನಂಗೆ ಕೋಪ ಇರೋದು ಮನುಷ್ಯನ ಮೇಲೆ, ಮೀನಿನ ಮೇಲಲ್ಲ. ತುಂಬ್ಕೊಳ್ಳಿ."

ಆಮೇಲೆ ನಡೆದದ್ದನ್ನು ನೋಡಲು ಕಣ್ಣು ಸಾಲದು. ಪೆಟ್ಟಿಗೆಯ ಕೆಳಗಿನ ನಲ್ಲಿಯಿಂದ ಕೊಳಕು ನೀರು ಹೊರಗೆ, ಮೇಲಿನಿಂದ ಬಕೆಟ್ಟು ಬಕೆಟ್ಟು ಹೊಸ ನೀರು ಒಳಗೆ. ರಸ್ತೆ ಗುಡಿಸುತ್ತಿದ್ದವರು ಪೊರಕೆ ಒರಗಿಸಿ ಬರುತ್ತಾರೆ, ಹಾಲಿನವನು ಸೈಕಲ್ ಬಿಟ್ಟು ಬರುತ್ತಾನೆ. ಆ ಇಬ್ಬರು ಅಂಗಡಿಯವರು ಮುಖ ನೋಡದೆಯೇ ಒಬ್ಬರ ಕೈಯಿಂದ ಒಬ್ಬರು ಬಕೆಟ್ ಇಸಿದುಕೊಳ್ಳುತ್ತಿದ್ದಾರೆ. ನಾನು ಪುಸ್ತಕ ಪೆನ್ನು ವ್ಯಾನಿಗೆ ಎಸೆದು ಸಾಲಿನಲ್ಲಿ ನಿಲ್ಲುತ್ತೇನೆ. ಮೀನಕ್ಕ ಪೆಟ್ಟಿಗೆಯೊಳಗೆ ಬಾಗಿ ದೊಡ್ಡಪ್ಪನ ತಲೆ ಎತ್ತಿ ಹಿಡಿದು, ಹೊಸ ನೀರು ಬಾಯಿಂದ ಹೊಕ್ಕು ಕಿವಿರುಗಳಲ್ಲಿ ಹರಿಯುವಂತೆ ಮಾಡುತ್ತಾರೆ. "ಕುಡಿ ರಾಜ, ಕುಡಿ." ಹಿಡಿದ ಕೈ ಅಲುಗುವುದಿಲ್ಲ.

ಎಷ್ಟೋ ಹೊತ್ತಿನ ಮೇಲೆ ಬಾಲ ಫಟ್ಟನೆ ಬಡಿಯುತ್ತದೆ. ಅತ್ತೆಯ ಮುಖಕ್ಕೆಲ್ಲ ನೀರು. "ಬದುಕ್ತು! ಬದುಕ್ತು ನನ್ ಮಗಂದು!" ಎಂದು ಅವರು ರಸ್ತೆಯಲ್ಲೇ ಕುಣಿಯುತ್ತಾರೆ. ಹಾಲಿನವನು ಸಿಳ್ಳೆ ಹಾಕುತ್ತಾನೆ. ಯಾವ ಪಂದ್ಯ ಗೆದ್ದಾಗಲೂ ನಾನು ಅಷ್ಟು ಜೋರಾಗಿ ಕೂಗಿದ್ದಿಲ್ಲ.

ಗಾಜಿನ ಮನೆಯ ಕೊಳದಲ್ಲಿ ಈಗ ಬಿಸಿಲು ಬಿದ್ದಿದೆ. ಬೆಡ್‌ಶೀಟು ನಿಧಾನವಾಗಿ ನೀರಿಗಿಳಿದು ಬಿಚ್ಚಿಕೊಳ್ಳುತ್ತದೆ. ದೊಡ್ಡಪ್ಪ ಸ್ವಲ್ಪ ಹೊತ್ತು ಅಲ್ಲೇ ನಿಂತಿರುತ್ತಾನೆ. ಆಮೇಲೆ ನೆಟ್ಟಗೆ, ಎಲ್ಲೂ ಬಾಗದೆ, ಕೊಳದ ಆ ತುದಿಯವರೆಗೂ ಈಜಿಕೊಂಡು ಹೋಗುತ್ತಾನೆ. ಅಂಗಡಿಯಾತ ದಡದಲ್ಲಿ ಅವನ ಜೊತೆಜೊತೆಗೇ ಓಡುತ್ತಾನೆ, ಅಳುತ್ತಾ ನಗುತ್ತಾ.

ಮೀನಕ್ಕ ಮೆಟ್ಟಿಲ ಮೇಲೆ ಕೂತು ಬೆಡ್‌ಶೀಟು ಹಿಂಡುತ್ತಿದ್ದಾರೆ. ಖುಷಿಯಾಯಿತೇ ಎಂದು ಕೇಳುತ್ತೇನೆ. ದಡ್ಡ ಪ್ರಶ್ನೆ ಎಂದು ಕೇಳಿದ ಮೇಲೆ ಗೊತ್ತಾಗುತ್ತದೆ. ಅವರು ಕೊಳದತ್ತ ನೋಡುತ್ತಲೇ ಹೇಳುತ್ತಾರೆ: "ಮರಿ ಆಗಿದ್ದಾಗಿಂದ ಇದನ್ನ ಯಾರ್ಯಾರೋ ಅಲ್ಲಿಂದಿಲ್ಲಿಗೆ ಹೊತ್ರು. ಇನ್ಯಾರೂ ಹೊರೋ ಹಾಗಿಲ್ಲ. ನಾನೇ ಕೊನೆ."