ಸಣ್ಣದೊಂದು ಕರಿ ಜಂಪರ್

"ಅಪ್ಪಾ, ಬರೂ ಮುಂದ ಒಂದು ಜಂಪರ್ ತೊಗೊಂಡು ಬಾ. ಕರೇದು. ಭಾಳ ಸಣ್ಣದು ಬೇಕು."

ಕಳೆದ ಭಾನುವಾರ ಫೋನಿನಲ್ಲಿ ನಾನು ಹೇಳಿದ್ದು ಇಷ್ಟೇ. ಗಂಗಾವತಿ ಪೇಟೆಗೆ ಹೋಗಿದ್ದ ಅಪ್ಪ ಮರಳಿದಾಗ ಕೈಯಲ್ಲಿ ಕರಿ ಬಣ್ಣದ ಬಟ್ಟೆ.

"ಅಂಗಡ್ಯಾಂವ ಅಳತಿ ಕೇಳಿದ. ಸಣ್ಣದು ಅಂದಿದ್ಯಲ್ಲ, ಮೀಟರಿಗಿಂತ ಕಡಿಮಿ ಕೊಡು ಅಂದೆ."

(ನಮ್ಮ ಕಡೆ ರವಿಕೆಗೆ ಜಂಪರ್ ಎನ್ನುತ್ತಾರೆ. ತಪ್ಪು ಅಪ್ಪನದಲ್ಲ.)

ನನಗೆ ಬೇಕಿದ್ದದ್ದು ಕಂಪ್ಯೂಟರಿನ ಜಂಪರ್. ಹಳೆಯ ಮದರ್‌ಬೋರ್ಡ್‌ಗಳ ಮೇಲೆ ಅಲ್ಲಲ್ಲಿ ಗುಂಡುಸೂಜಿಯಂಥ ಪಿನ್‌ಗಳು ನಿಂತಿರುತ್ತವೆ. ಎರಡು ಪಿನ್‌ಗಳನ್ನು ಸೇರಿಸಿ ತೊಡಿಸುವ, ಅಕ್ಕಿ ಕಾಳಿನಷ್ಟು ಪುಟ್ಟ ಟೊಪ್ಪಿಗೆಯೇ ಜಂಪರ್. ಯಾವ ಪಿನ್‌ಗೆ ತೊಡಿಸಿದಿರಿ ಎಂಬುದರ ಮೇಲೆ ಯಂತ್ರದ ನಡತೆ.

ಅದರ ಉಸಾಬರಿ ನನಗೇಕೆ ಬಂತು? ಅತ್ತೆಯಿಂದ.

ಅಪ್ಪನ ತಂಗಿ ಮಂಜುಳತ್ತೆ ಶನಿವಾರ ಕುಷ್ಟಗಿಯಿಂದ ಬಂದಿದ್ದರು. ಗುಜರಿಗೆ ಹಾಕಲು ಅಟ್ಟದಿಂದ ಇಳಿಸಿದ್ದ ನಮ್ಮ ಹಳೆಯ ಕಂಪ್ಯೂಟರ್ ಅವರ ಕಣ್ಣಿಗೆ ಬಿತ್ತು. ಅತ್ತೆಯ ಮದುವೆಗೆ ಮುಂಚೆ ಅಣ್ಣ ತಂಗಿ ಅದರಲ್ಲಿ ಇಟ್ಟಿಗೆ ಜೋಡಿಸುವ ಆಟ ಆಡುತ್ತಿದ್ದರಂತೆ.

"ಕಡೀ ಆಟ ನಾನ ಗೆದ್ದಿದ್ದೆ," ಎಂದರು ಅತ್ತೆ.

"ಕನಸಿನ್ಯಾಗ," ಎಂದರು ಅಪ್ಪ.

ತೀರ್ಮಾನ ಒಂದೇ: ಮತ್ತೆ ಆಡುವುದು. ಅತ್ತೆಯ ಬಸ್ಸು ಭಾನುವಾರ ಸಂಜೆ ನಾಲ್ಕಕ್ಕೆ. ಅಷ್ಟರೊಳಗೆ ಯಂತ್ರ ಏಳಬೇಕು.

ಎದ್ದಿತು! ಅಕ್ಕಿ ಗಿರಣಿಯಂತೆ ಸದ್ದು ಮಾಡುತ್ತ ಎದ್ದು, ಪಾಸ್‌ವರ್ಡ್ ಕೇಳಿತು. ನನ್ನ ಎಸ್ಸೆಸ್ಸೆಲ್ಸಿ ಹೊತ್ತಿಗೆ ನಾನು ಆಟ ಆಡಬಾರದೆಂದು ಅಪ್ಪನೇ ಹಾಕಿದ್ದು.

"ನೆನಪ ಆಗವಲ್ದು," ಎಂದರು ಅಪ್ಪ.

"ಸೋಲ್ತೀನಿ ಅಂತ ಗೊತ್ತಿದ್ರ ಎಲ್ಲಾರಿಗೂ ಮರವು ಬರ್ತೈತಿ, ಅಣ್ಣಾ."

ಇಂಥ ಪಾಸ್‌ವರ್ಡ್ ಅಳಿಸಲೆಂದೇ ಬೋರ್ಡಿನ ಮೇಲೆ ಮೂರು ಪಿನ್‌ಗಳ ಒಂದು ಸಾಲು ಇರುತ್ತದೆ. ಮೊದಲ ಎರಡರ ಮೇಲಿರುವ ಟೊಪ್ಪಿಗೆಯನ್ನು ಕೊನೆಯ ಎರಡಕ್ಕೆ ಸರಿಸಿದರೆ ಯಂತ್ರ ತನ್ನ ಸೆಟ್ಟಿಂಗ್ ಎಲ್ಲ ಮರೆಯುತ್ತದೆ. ಆದರೆ ನಮ್ಮ ಬೋರ್ಡಿನಲ್ಲಿ ಅಂಥ ಸಾಲುಗಳು ಹಲವು, ಪಕ್ಕದ ಅಕ್ಷರಗಳು ಮಾಸಿವೆ. ಇಂಟರ್‌ನೆಟ್ಟಿನಲ್ಲಿ ಹುಡುಕಿದೆ. ಯಾರೋ ಪುಣ್ಯಾತ್ಮರು ಅದೇ ಬೋರ್ಡಿನ ಫೋಟೋಕ್ಕೆ ಬಾಣದ ಗುರುತು ಹಾಕಿಟ್ಟಿದ್ದರು. ಇಂಥದ್ದನ್ನೆಲ್ಲ ಯಾರು ಬರೆದಿಡುತ್ತಾರೆ? (ಮೂರನೇ ಕ್ಲಾಸಿನಿಂದ ತಾರೀಖು ಹಾಕಿ ದಿನಚರಿ ಬರೆಯುವ ನಾನು ಹೀಗೆ ಕೇಳಬಾರದು.)

ವೈರು ಕಿತ್ತು, ಹುಬ್ಬು ತಿದ್ದುವ ಚಿಮಟದಿಂದ ಟೊಪ್ಪಿಗೆ ಎಳೆದೆ. ಟಣ್ಣನೆ ಹಾರಿತು. ಅಮ್ಮ, ಅತ್ತೆ, ನಾನು ಮೂವರೂ ನೆಲದ ಮೇಲೆ ಅಂಬೆಗಾಲಿಟ್ಟರೂ ಸಿಗಲಿಲ್ಲ. ಅದಕ್ಕೇ ಅಪ್ಪನಿಗೆ ಫೋನು, ಅದಕ್ಕೇ ಈ ಬಟ್ಟೆ.

ಅತ್ತೆ ಅದನ್ನು ಭುಜಕ್ಕೆ ಹಿಡಿದು ನೋಡಿದರು. "ಬಣ್ಣ ಛಲೋ ಐತಿ, ನನಗಿರ್ಲಿ. ಆದ್ರ ಲಂಚ ತೊಗೊಂಡು ಸುಮ್ನ ಹೋಗಾಕಿ ಅಲ್ಲ ನಾ."

ಆಗ ಹೊಳೆಯಿತು. ಸಿ.ಡಿ. ಡ್ರೈವಿನ ಬೆನ್ನಿನಲ್ಲೂ ಅಂಥದ್ದೇ ಟೊಪ್ಪಿಗೆ ಇರುತ್ತದಲ್ಲ? ಇತ್ತು! ಕಿತ್ತು ತಂದು ಕೊನೆಯ ಎರಡು ಪಿನ್‌ಗೆ ತೊಡಿಸಿ, ಸ್ವಲ್ಪ ತಡೆದು, ಮೊದಲಿನ ಜಾಗಕ್ಕೆ ಸರಿಸಿ ಸ್ವಿಚ್ ಒತ್ತಿದೆ. ಪಾಸ್‌ವರ್ಡ್ ಕೇಳಲಿಲ್ಲ. ತಾರೀಖನ್ನೂ ಮರೆತಿತ್ತು. ಅದರ ಲೆಕ್ಕದಲ್ಲಿ ನಾನಿನ್ನೂ ಹುಟ್ಟಿಯೇ ಇಲ್ಲ. ದಿನಚರಿ ಬರೆಯುವವಳಿಗೆ ಇದಕ್ಕಿಂತ ಅವಮಾನ ಬೇಕೆ?

ಈಗಿನ ಫೋನು ಪಾಸ್‌ವರ್ಡ್ ಮರೆತವರನ್ನು ಕಳ್ಳರಂತೆ ವಿಚಾರಿಸುತ್ತದೆ. ಓಟಿಪಿ ಕೊಡಿ, ಮೊದಲು ಓದಿದ ಶಾಲೆ ಹೇಳಿ, ಮುಖ ತೋರಿಸಿ. ಈ ಹಳೇ ಡಬ್ಬಿಯನ್ನು ಮಾಡಿದವರಿಗೆ ಮಾತ್ರ ಮನುಷ್ಯರು ಮರೆಯುತ್ತಾರೆ ಎಂದು ಮೊದಲೇ ಗೊತ್ತಿತ್ತು. ಅದಕ್ಕೊಂದು ಟೊಪ್ಪಿಗೆ ಇಟ್ಟು, ನಿಮ್ಮ ಮನೆ, ನಿಮ್ಮ ಯಂತ್ರ ಎಂದು ಸುಮ್ಮನಾದರು. ಎಂಥ ದೊಡ್ಡ ಮನಸ್ಸು!

ಮೊದಲು ಅಪ್ಪ ಆಡಿದರು. ಆಮೇಲೆ ಅತ್ತೆ. ಬಾಣದ ಕೀಲಿಗಳ ಮೇಲೆ ಅವರ ಬೆರಳು ನಿಂತದ್ದನ್ನು ನಾನು ನೋಡಲಿಲ್ಲ. ಗೆದ್ದರು.

"ಕೀಬೋರ್ಡ್ ಸರಿ ಇಲ್ಲ. ಇನ್ನೊಂದು ಆಟ," ಎಂದರು ಅಪ್ಪ.

ಅದನ್ನೂ ಅತ್ತೆಯೇ ಗೆದ್ದರು. ಚಷ್ಮಾ ಸರಿ ಇಲ್ಲ ಎಂದಾಯಿತು. ಮತ್ತೆ ಗೆದ್ದರು. ನಾಲ್ಕರ ಬಸ್ಸು ಹೋಯಿತು, ಐದರದೂ ಹೋಯಿತು. ಅಮ್ಮ ಬುತ್ತಿಗೆ ಕಟ್ಟಿದ್ದ ರೊಟ್ಟಿ ಬಿಚ್ಚಿ ತಾಟಿಗೆ ಹಾಕಿದರು.

"ಅಣ್ಣಾ, ಇನ್ನರ ಬಿಡು. ಮನ್ಯಾಗ ಕಾಯ್ತಿರ್ತಾರ."

"ನಾಳೆ ಹೋಗಂತಿ. ಕುಂದರು ಸುಮ್ನ."

ಸೋತವರು ಬಿಡದಿದ್ದರೆ ಗೆದ್ದವರು ಊರಿಗೆ ಹೋಗುವುದಾದರೂ ಹೇಗೆ?