ವಾಯರ್ ತಾನಾಗಿ ಹರಿದಿರಲಿಲ್ಲ

ಮಾವಾರೆ, ನಿಮ್ಮ ಇಯರ್‌ಫೋನ್ ತಾನಾಗಿ ಕೆಟ್ಟದ್ದಲ್ಲ. ನಾನು ಕೆಡಿಸಿದೆ. ಅದರ ನಂತರ ತಂದದ್ದನ್ನೂ ನಾನೇ ಕೆಡಿಸಿದೆ. ಈಗಿನ ಮಾಲು ತಾಳುವುದಿಲ್ಲ ಎಂದು ನಿಮಗೂ ನಿಮ್ಮ ಮಕ್ಕಳಿಗೂ ಹೇಳಿದವಳು ನಾನು. ನಿಮ್ಮ ಕಿವಿಗೆ ಏನೂ ಬೀಳುತ್ತಿಲ್ಲ ಎಂದು ನನಗೊಬ್ಬಳಿಗೇ ಗೊತ್ತಿದ್ದ ಒಂದು ಮಧ್ಯಾಹ್ನ ನಿಮ್ಮ ದ್ರಾಕ್ಷಿ ತೋಟ ಹೋಯಿತು. ನಾನು ಸುಮ್ಮನಿದ್ದೆ.

ಇದನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ನೀವು ಕಲಿತದ್ದು ಮರಾಠಿ ಶಾಲೆಯಲ್ಲಿ. ಕನ್ನಡ ಮಾತಾಡುತ್ತೀರಿ, ಓದಲಾರಿರಿ. ನಿಮ್ಮನ್ನೇ ಕರೆದು ನಿಮಗೆ ಓದಲು ಬಾರದ ಅಕ್ಷರದಲ್ಲಿ ತಪ್ಪು ಒಪ್ಪಿಕೊಳ್ಳುವುದು — ಇದರಲ್ಲೂ ಒಂದು ಕಳ್ಳತನವಿದೆ. ಆದರೂ ಮೊದಲು ಇಲ್ಲಿ ಬರೆದು ನೋಡಬೇಕು. ಬಾಯಿಂದ ಹೇಳಹೊರಟರೆ ನಾನು ಅದನ್ನು ತೊಳೆದು, ಮಡಿಚಿ, ಚೆಂದ ಮಾಡಿ ಕೊಟ್ಟುಬಿಡುತ್ತೇನೆ.

ಅತ್ತೆ ಇದ್ದಾಗ ಅವರೇ ನಿಮ್ಮ ಕಿವಿ. ಅವರು ಹೋದ ಮೇಲೆ ನಿಮ್ಮ ಮಗ — ನನ್ನ ಗಂಡ — ಮಿರಜಿನಿಂದ ಕಿವಿಯ ಮಶೀನು ತಂದರು. ಅದು ಸಿಳ್ಳೆ ಹೊಡೆಯುತ್ತದೆ ಎಂದಿರಿ. ಸಿಟ್ಟಿನ ಕಾರಣ ಸಿಳ್ಳೆ ಅಲ್ಲ, ಮಂದಿ. 'ಕಿವುಡನ ಮಶೀನ ಹಾಕ್ಕೊಂಡ ನಾ ಕಾಗವಾಡ ಸಂತಿಗಿ ಹೋಗಲ್ಯಾ?' ಎಂದು ಡಬ್ಬಿಯಲ್ಲಿಟ್ಟಿರಿ. ಆಮೇಲೆ ನಿಮ್ಮ ಸಣ್ಣ ಮಗ ತನ್ನ ಹಳೆಯ ಮೊಬೈಲಿನಲ್ಲಿ ಒಂದು ಆ್ಯಪ್ ಹಾಕಿಕೊಟ್ಟ. ಎದುರಿನ ಸಪ್ಪಳವನ್ನು ಫೋನು ಹಿಡಿದು, ದೊಡ್ಡದು ಮಾಡಿ, ಇಯರ್‌ಫೋನಿಗೆ ಕೊಡುತ್ತದೆ. ವಾಯರ್ ಇಲ್ಲದ್ದನ್ನು ಮೊದಲು ಹಾಕಿ ನೋಡಿದಿರಿ. 'ತುಟಿ ಮೊದಲ ಬರ್ತಾವು, ಮಾತ ಹಿಂದ ಬರ್ತದ. ಎತ್ತ ಮುಂದ ಹೋಗಿ ಬಂಡಿ ಹಿಂದ ಉಳದಂಗ,' ಎಂದಿರಿ. ವಾಯರ್ ಇದ್ದದ್ದರಲ್ಲಿ ತುಟಿ ಮತ್ತು ಮಾತು ಕೂಡಿಯೇ ಬಂದವು.

ನಿಮ್ಮ ಅಗಲ ಕಿವಿಗೆ ಅದರ ರಬ್ಬರು ಸರಿಹೊಂದುತ್ತಿರಲಿಲ್ಲ. ಡಬ್ಬಿಯಲ್ಲಿ ಬಂದ ದೊಡ್ಡ ರಬ್ಬರನ್ನು ಹಾಕಿ, ಅದಕ್ಕೂ ಒಂದಿಷ್ಟು ಹತ್ತಿ ಸುತ್ತಿಕೊಟ್ಟವಳು ನಾನು. ಅಂಗಿಗೆ ವಾಯರ್ ತಿಕ್ಕಿದರೆ ಕಿವಿಯೊಳಗೆ ಜೋಳದ ಒಣ ಕಣಿಕೆ ಎಳೆದಂಥ ಸಪ್ಪಳ ಎಂದಿರಿ. ಗುಂಡಿಯ ಕೆಳಗೆ ಒಂದು ಪಿನ್ನು ಹಚ್ಚಿ ವಾಯರನ್ನು ಅಲುಗದಂತೆ ನಿಲ್ಲಿಸಿದವಳೂ ನಾನೇ. ಇದನ್ನು ಯಾಕೆ ಹೇಳುತ್ತಿದ್ದೇನೆ? ನಾನು ಮೊದಲು ಒಳ್ಳೆಯವಳಿದ್ದೆ ಎಂದು ತೋರಿಸಲಿಕ್ಕಿರಬೇಕು. ಇರಲಿ, ಹೊಡೆದುಹಾಕುವುದಿಲ್ಲ.

ಮಂದಿ ನೋಡಿದರೆ ಅಜ್ಜ ಹಾಡು ಕೇಳುತ್ತಿದ್ದಾನೆ ಎಂದುಕೊಳ್ಳುತ್ತಿದ್ದರು. ನಿಮಗೆ ಬೇಕಾದದ್ದೂ ಅದೇ. ಎಷ್ಟೋ ವರ್ಷಗಳ ಮೇಲೆ ನೀವು ಮಾತಿನ ನಡುವೆ ಬಾಯಿ ಹಾಕತೊಡಗಿದಿರಿ. ಔಷಧ ಹೊಡೆಯುವ ಮಾತಿಗೆ, ಬಳ್ಳಿ ಸವರುವ ಚಾಟಣಿಗೆ ಆಳು ಕರೆಯುವ ಮಾತಿಗೆ, ಚಿಕ್ಕೋಡಿಯಿಂದ ನನ್ನ ತಮ್ಮ ಬಂದರೆ ಅವನ ಮಾತಿಗೂ. ಗೋಡೆ ಮಾತಾಡಿದ ಹಾಗೆ ನಾವೆಲ್ಲ ಬೆಚ್ಚುತ್ತಿದ್ದೆವು.

ಅಡುಗೆಮನೆಯ ಕಿಟಕಿಯ ಹೊರಗೆ ನಿಮ್ಮ ಹೊರಸು. ಒಳಗೆ ರೊಟ್ಟಿ ಬಡಿಯುತ್ತ ಚಿಕ್ಕೋಡಿಗೆ, ನನ್ನ ಅವ್ವನಿಗೆ ಫೋನು ಮಾಡುವುದು ನನ್ನ ದಿನದ ರೂಢಿ. ಹಿಂದೆ ನೀವು ಅಲ್ಲಿ ಮಲಗಿದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಆ ದಿನವೂ ಹಾಗೇ ಅಂದುಕೊಂಡೆ. 'ನಮ್ಮ ಮುದುಕಗ ಪಲ್ಯಾ ಮಾಡಿ ಹಾಕೂದಕಿಂತ ಉಪ್ಪಿನ ಚೀಲಾನ ಮುಂದ ಇಡೂದ ಚಲೋ ಬೇ ಯವ್ವಾ,' ಎಂದೆ. ಅಷ್ಟಕ್ಕೇ ನಿಲ್ಲಿಸಲಿಲ್ಲ. ನೀವು ಕೂಗುವ ಹಾಗೆ, ನಿಮ್ಮದೇ ದನಿಯಲ್ಲಿ, 'ಉಪ್ಪ ಕಡಿಮಿ ಐತೀ' ಎಂದು ಅಣಕಿಸಿ ತೋರಿಸಿದೆ. ಅವ್ವ ನಕ್ಕಳು. ನಾನು ಇನ್ನೊಮ್ಮೆ ಮಾಡಿದೆ.

ಊಟಕ್ಕೆ ಕುಳಿತಾಗ ನೀವು ನನ್ನತ್ತ ತಿರುಗಿ, ಸೊಸೆಯನ್ನು ಮರಾಠಿಯಲ್ಲಿ ಕರೆಯುವ ಹಾಗೆ, 'ಸೂನಬಾಯಿ, ಉಪ್ಪಿನ ಚೀಲ ಎಲ್ಲೈತಿ? ಇವತ್ತ ಬರೇ ಪಲ್ಯಾದ ಮ್ಯಾಲ ಹೊತ್ತ ಹಾಕ್ತಿಯೇನ?' ಎಂದಿರಿ.

ನಿಮ್ಮ ಮಗನಿಗೆ ತಿಳಿಯಲಿಲ್ಲ. 'ಯಾವ ಚೀಲರಿ ಅಪ್ಪಾ?'

'ಅದು ನಮ್ಮಿಬ್ಬರದ ಐತಿ. ನಿನಗ್ಯಾಕಲೇ? ಸುಮ್ಮ ಉಣ್ಣ.'

ನೀವು ನಕ್ಕಿರಿ — ಎಂದು ಬರೆದೆ. ನಕ್ಕಿದ್ದಿರೇ? ನನ್ನ ನೆನಪಿನಲ್ಲಿ ನಗು ಇದೆ. ಆದರೆ ಅದೇ ನೆನಪಿನಲ್ಲಿ ವಾಯರ್ ಬಿಳಿಯದು. ಸಣ್ಣ ಮಗನ ಫೋನಿನ ಫೋಟೋದಲ್ಲಿ ನೋಡಿದರೆ ಕಪ್ಪು. ಬಣ್ಣವನ್ನೇ ಸುಳ್ಳು ಹೇಳುವ ನೆನಪು ನಗುವಿನ ಬಗ್ಗೆ ನಿಜ ಹೇಳುತ್ತದೆಂದು ಹೇಗೆ ನಂಬಲಿ? ಒಂದು ಮಾತು ಮಾತ್ರ ಗಟ್ಟಿ: ನೀವು ನನ್ನನ್ನು ಬಿಟ್ಟುಕೊಡಲಿಲ್ಲ. ಮಗ ಕೇಳಿದರೂ ಬಿಟ್ಟುಕೊಡಲಿಲ್ಲ. ಅದೇ ನನಗೆ ತಡೆಯದಾಯಿತು. ಬೈದಿದ್ದರೆ — ಇಲ್ಲ, ಬೈದಿದ್ದರೆ ಏನು ಮಾಡುತ್ತಿದ್ದೆನೋ ನನಗೆ ಗೊತ್ತಿಲ್ಲ.

ಮರುದಿನ ನೀವು ಜಳಕಕ್ಕೆ ಹೋದಾಗ ಇಯರ್‌ಫೋನು ಹೊರಸಿನ ಮೇಲಿತ್ತು. ಫೋನಿಗೆ ಚುಚ್ಚುವ ಪಿನ್ನಿನ ಕುತ್ತಿಗೆಯ ಹತ್ತಿರ ವಾಯರನ್ನು ಹಿಡಿದು ಆಚೆ ಬಗ್ಗಿಸಿದೆ, ಈಚೆ ಬಗ್ಗಿಸಿದೆ. ಮತ್ತೆ ಆಚೆ. ಹೊರಗಿನ ರಬ್ಬರಿಗೆ ಏನೂ ಆಗುವುದಿಲ್ಲ, ಒಳಗಿನ ತಂತಿ ಮಾತ್ರ ಕಡಿಯುತ್ತದೆ. ಇದು ನನಗೆ ಗೊತ್ತಿತ್ತು. ನನ್ನ ಸ್ವಂತ ಇಯರ್‌ಫೋನು ಬ್ಯಾಗಿನಲ್ಲಿ ಮಡಿಚಿ ಮಡಿಚಿ ಹಾಗೆಯೇ ಸತ್ತಿತ್ತು. ಅದಕ್ಕೆ ತಿಂಗಳುಗಳು ಹಿಡಿದಿದ್ದವು. ನಾನು ಅದೇ ಕೆಲಸವನ್ನು ನೀವು ಮೈಗೆ ನೀರು ಹಾಕಿಕೊಳ್ಳುವಷ್ಟರಲ್ಲಿ ಮುಗಿಸಿದೆ.

ಆದರೆ ಪೂರಾ ಸಾಯಲಿಲ್ಲ. ಪಿನ್ನಿನ ಬುಡವನ್ನು ಹೆಬ್ಬೆರಳಿನಿಂದ ಒಂದು ಮಗ್ಗುಲಿಗೆ ಒತ್ತಿ ಹಿಡಿದರೆ ಒಂದು ಕಿವಿಗೆ ದನಿ ಬರುತ್ತಿತ್ತು, ಬಿಟ್ಟರೆ ಇಲ್ಲ. ಎಲ್ಲರೂ ಕೂತಲ್ಲಿ ನೀವು ಫೋನನ್ನು ತೊಡೆಯ ಮೇಲಿಟ್ಟು, ಹೆಬ್ಬೆರಳನ್ನು ಹಾಗೇ ಒತ್ತಿ, ಅಲುಗದೆ ಕೂಡತೊಡಗಿದಿರಿ. ನಾನು ಚಹಾ ಕೊಡಲು ಬಂದರೆ ಎಡಗೈ ಚಾಚುತ್ತಿದ್ದಿರಿ. ನಿಮ್ಮ ಮಗ ನೋಡಿ ಹೊಸದು ತಂದರು. ಅದನ್ನೂ ಬಗ್ಗಿಸಿದೆ. ಆಗ ಉಪ್ಪಿನ ಮಾತಿಗೆ ಎಷ್ಟೋ ದಿನವಾಗಿತ್ತು. ನಾಚಿಕೆಯಿಂದ ಮಾಡಿದೆ ಎನ್ನಲಿಕ್ಕೆ ಬರುವುದಿಲ್ಲ. ಮನೆ ಮೊದಲಿನ ಹಾಗೆ ಇದ್ದರೆ ನನಗೆ ಸುಖ, ಅಷ್ಟೇ.

'ಮತ್ತ ಹ್ವಾತೇನ? ಎಷ್ಟ ಸಲ ತರೂದ ಇದನ್ನ?' ಎಂದರು ನಿಮ್ಮ ಮಗ.

'ಈ ಮಾಲಾನ ಹಂಗ ಐತ್ರಿ. ತಾಳಂಗಿಲ್ಲ,' ಎಂದೆ.

ನೀವು ಅವರ ಮುಖ ನೋಡಿದಿರಿ, ನನ್ನ ಮುಖ ನೋಡಿದಿರಿ. 'ಬ್ಯಾಡ ಬಿಡ್ರಿ. ಇದರಾಗ ಬರಾಕತ್ತೈತಿ ನನಗ,' ಎಂದಿರಿ. ಆಮೇಲೆ ಹೊಸದನ್ನು ಕೇಳಲಿಲ್ಲ.

ಇನ್ನು ಆ ಮಧ್ಯಾಹ್ನ. ಅದಕ್ಕೆ ಮೊದಲು ಆ ಹೆಬ್ಬೆರಳಿನ ಒಂದು ಕಿವಿಯೂ ಹೋಗಿತ್ತು; ಹಿಂದಿನ ದಿನ ನಾನೇ ಕೊನೆಯ ಸಲ ಬಗ್ಗಿಸಿ, ನನ್ನ ಕಿವಿಗೆ ಹಾಕಿ, ಎಲ್ಲ ಮಗ್ಗುಲಿಗೂ ಒತ್ತಿ ನೋಡಿದ್ದೆ. ಏನೂ ಇರಲಿಲ್ಲ. ಪಡಸಾಲೆಯಲ್ಲಿ ಅಣ್ಣ ತಮ್ಮ ಕೂತಿದ್ದರು, ನೀವು ನಡುವೆ. ನಾನು ಮಜ್ಜಿಗೆ ಕೊಡುತ್ತಿದ್ದೆ. ನಿಮ್ಮ ದೊಡ್ಡ ಮಗ, ನನ್ನ ಗಂಡ, ಹೇಳಿದರು: 'ಈ ವರ್ಷನೂ ಹೊತ್ತಲ್ಲದ ಹೊತ್ತಿನ್ಯಾಗ ಮಳಿ ಬಂತ. ಚಾಟಣಿಗಿ ಆಳ ಸಿಗವಲ್ರು. ದ್ರಾಕ್ಷಿ ಬಾಗ ತಗದ ಕಬ್ಬ ಹಚ್ಚೂಣು ಅಂತ ಮಾಡೀವ್ರಿ ಅಪ್ಪಾ. ಏನಂತೀರಿ?'

ನಿಮ್ಮ ಹೆಬ್ಬೆರಳು ಪಿನ್ನಿನ ಮೇಲಿತ್ತು. ಮಾತಾಡಿದವರ ಕಡೆ ನಿಮ್ಮ ಮುಖ ತಿರುಗಿತ್ತು. ಮಾತು ಮುಗಿದದ್ದು ಅವರ ಬಾಯಿ ನಿಂತದ್ದರಿಂದ ನಿಮಗೆ ತಿಳಿಯಿತು. ತಲೆ ಆಡಿಸಿ 'ಹೂಂ' ಎಂದಿರಿ.

'ಅಪ್ಪ ಹೂಂ ಅಂದ್ರು,' ಎಂದ ಸಣ್ಣ ಮಗ. ಅವನಿಗೂ ಆಶ್ಚರ್ಯವಾಗಿತ್ತು. ನೀವು ಕೈಯಾರೆ ಹಚ್ಚಿದ ತೋಟ ಅದು. ಜಗಳವಾಗುತ್ತದೆಂದೇ ಇಬ್ಬರೂ ಗಟ್ಟಿಯಾಗಿ ಕೂತಿದ್ದರು.

ನಾನು ಒಂದು ಮಾತು ಆಡಬೇಕಿತ್ತು — ಅವರಿಗೆ ಕೇಳಿಲ್ಲ, ಕಿವಿಯ ಹತ್ತಿರ ಹೋಗಿ ಹೇಳಿರಿ. ಅಷ್ಟೇ. ಆಡಿದರೆ, ನಿನಗೆ ಹೇಗೆ ಗೊತ್ತು ಎಂಬ ಮಾತು ಬರುತ್ತಿತ್ತು. ಅದೊಂದೇ ಕಾರಣವೂ ಅಲ್ಲ. ದ್ರಾಕ್ಷಿ ಇದ್ದರೆ ಆಳುಗಳ ಚಹಾ, ಔಷಧದ ವಾಸನೆಯ ಬಟ್ಟೆ ಎಲ್ಲ ನನ್ನ ತಲೆಯ ಮೇಲೆ. ಕಬ್ಬು ನನಗೂ ಬೇಕಿತ್ತು. ಲೋಟ ಎತ್ತಿಕೊಂಡು ಒಳಗೆ ಹೋದೆ.

ನೀವು ತಂಗಿಯ ಮನೆಗೆಂದು ಅಲಖನೂರಿಗೆ ಹೋಗಿ ಬರುವಷ್ಟರಲ್ಲಿ ಅರ್ಧ ತೋಟ ನೆಲಕ್ಕೆ ಬಿದ್ದಿತ್ತು. ಬಳ್ಳಿಗಳನ್ನು ಟ್ರ್ಯಾಕ್ಟರಿಗೆ ಕಟ್ಟಿ ಎಳೆಯುತ್ತಿದ್ದರು. ಕೈಚೀಲ ಹಿಡಿದೇ ನೀವು ಬದುವಿನ ಮೇಲೆ ನಿಂತಿರಿ.

'ಯಾರನ್ನ ಕೇಳಿ ಕೈ ಹಚ್ಚೀರಿ?'

ನಿಮ್ಮ ಮಗ ಓಡಿ ಬಂದು ಕಿವಿಯ ಹತ್ತಿರ ಕೂಗಿದರು: 'ನಿಮ್ಮನ್ನ ಕೇಳೇ ಮಾಡೀವ್ರಿ ಅಪ್ಪಾ! ಅವತ್ತ ಪಡಸಾಲ್ಯಾಗ ನೀವ ಹೂಂ ಅಂದ್ರಿ!'

'ನನಗೆ ಕೇಳಿರಲಿಲ್ಲ' ಎಂದು ನೀವು ಅನ್ನಬಹುದಿತ್ತು. ಹಾಗೆಂದರೆ, ಕೇಳಿದವರ ಹಾಗೆ ಕೂತದ್ದು ಬಯಲಿಗೆ ಬೀಳುತ್ತಿತ್ತು, ಅದೂ ಟ್ರ್ಯಾಕ್ಟರಿನವರ ಮುಂದೆ. ಕಡೆಗೆ ನೀವು ಹೇಳಿದ್ದು: 'ಹೌದ… ಅಂದೇನಿ. ಮರತಿದ್ನಿ.'

ಆ ದಿನದಿಂದ ನಮ್ಮ ಮನೆಯಲ್ಲಿ ನಿಮಗೆ ಮರೆವು ಬಂದಿದೆ. ಮೊದಲು ಮೆಲ್ಲಗೆ, ಆಮೇಲೆ ಬಂದವರ ಮುಂದೆ ಗಟ್ಟಿಯಾಗಿಯೇ: 'ಅಪ್ಪಗ ಈಗ ನೆನಪ ಉಳ್ಯಾಂಗಿಲ್ರಿ. ಹೇಳಿದ್ರೂ ಅಷ್ಟ, ಬಿಟ್ರೂ ಅಷ್ಟ.' ಯಾರೂ ನಿಮ್ಮನ್ನು ಏನೂ ಕೇಳುವುದಿಲ್ಲ. ಯಾವ ಸಾಲಿನ ಬಳ್ಳಿ ಯಾವ ವರ್ಷ ಸೊರಗಿತ್ತೆಂದು ಈಗಲೂ ಹೇಳಬಲ್ಲ ನಿಮಗೆ ಮರೆವಿನವರೆಂಬ ಹೆಸರು. ವಾಯರಿನ ಬಣ್ಣವನ್ನೂ ಸರಿಯಾಗಿ ಇಟ್ಟುಕೊಳ್ಳಲಾರದ ನನ್ನನ್ನು ಯಾರೂ ಹಾಗೆನ್ನುವುದಿಲ್ಲ. ಎರಡು ವರ್ಷ ಇದನ್ನು ನೋಡುತ್ತ ರೊಟ್ಟಿ ಬಡಿದಿದ್ದೇನೆ.

ಬರುವ ಸೋಮವಾರ ನಿಮ್ಮನ್ನು ಮಿರಜಿಗೆ, ಮರೆವಿನ ಡಾಕ್ಟರ ಹತ್ತಿರ ಕರೆದೊಯ್ಯುತ್ತಾರೆ. ಗುಳಿಗೆ ಕೊಡುತ್ತಾರಂತೆ. ನಿಮಗಿಲ್ಲದ ರೋಗಕ್ಕೆ ನಾನು ಹೊತ್ತು ಹೊತ್ತಿಗೆ ನೀರು ತಂದು ಗುಳಿಗೆ ನುಂಗಿಸಬೇಕು. ಅದು ನನ್ನಿಂದಾಗದು.

ಮೊನ್ನೆ ಕಾಗವಾಡದ ಅಂಗಡಿಗೆ ಹೋಗಿ ವಾಯರಿನ ಇಯರ್‌ಫೋನು ಕೇಳಿದೆ. 'ಈಗ ಇದನ್ನ ಯಾರ ಒಯ್ತಾರ್ರಿ ಅಕ್ಕಾರ? ಹೊಸಾ ಫೋನಿಗಿ ತೂತಾನ ಇಲ್ಲ,' ಎಂದ ಅಂಗಡಿಯವ. ಚಾರ್ಜರಿನ ಜಾಗಕ್ಕೇ ಚುಚ್ಚುವಂಥದು ಒಂದು ಸಿಕ್ಕಿತು. ಅದೇ ಆ್ಯಪನ್ನು ನನ್ನ ಫೋನಿನಲ್ಲಿ ಹಾಕಿಕೊಂಡು, ಇದನ್ನು ಚುಚ್ಚಿ ಪರೀಕ್ಷೆ ಮಾಡಿದ್ದೇನೆ. ಎರಡೂ ಕಿವಿಗೆ ಬರುತ್ತದೆ.

ನಿಮಗೆ ಹೇಳಬೇಕಾದರೆ ಕೂಗಬೇಕು, ಕೂಗಿದರೆ ಓಣಿಗೆಲ್ಲ ಕೇಳುತ್ತದೆ, ನಿಮ್ಮ ಮಾನ ಹೋಗುತ್ತದೆ — ಇದು ನಾನು ಇಷ್ಟು ದಿನ ಹಿಡಿದ ನೆಪ. ನಮ್ಮದು ತೋಟದ ಮನೆ, ಓಣಿಯೇ ಇಲ್ಲ. ನಿಮ್ಮ ಮಾನದ ಹೆಸರಿನಲ್ಲಿ ಕಾಯ್ದುಕೊಂಡದ್ದು ನನ್ನ ಮಾನವನ್ನು. ನಿಮ್ಮ ಮಗನಿಗೂ ಹೇಳುತ್ತೇನೆ, ಸೋಮವಾರಕ್ಕೆ ಮೊದಲು. ಬೇಡವೆಂದು ನೀವು ತಡೆದರೂ ಹೇಳುತ್ತೇನೆ. ನೀವು ನನ್ನನ್ನು ಕಾಯುವುದು ಇನ್ನು ಸಾಕು.

ಆದರೆ ಮೊದಲು ನಿಮಗೆ. ಹೊರಸಿನ ಮೇಲೆ ಎದ್ದು ಕೂತಿದ್ದೀರಿ, ಕಿಟಕಿಯಿಂದ ಕಾಣುತ್ತಿದೆ. ಈಗ ಹೊರಗೆ ಬಂದು, ನಿಮ್ಮ ಎರಡೂ ಕಿವಿಗೆ ಇದನ್ನು ಹಾಕಿ, ಮೆಲ್ಲನೆಯ ದನಿಯಲ್ಲಿ, ಮೊದಲ ಸಾಲಿನಲ್ಲಿ ಬರೆದದ್ದನ್ನೇ ಹೇಳುತ್ತೇನೆ. ನೀವು ತಲೆ ಆಡಿಸಿ ಹೂಂ ಎಂದರೆ ಒಪ್ಪುವುದಿಲ್ಲ. ನಾನು ಏನು ಹೇಳಿದೆ ಎಂದು ಕೇಳುತ್ತೇನೆ. ನಾನು ಮಾಡಿದ್ದನ್ನು ನಿಮ್ಮ ಬಾಯಿಂದ ಕೇಳುವ ತನಕ ಅಲ್ಲಿಂದ ಏಳುವುದಿಲ್ಲ.