ನೂರಕ್ಕೆ ಒಂದೂವರೆ ಕಡಿಮೆ

ಸರಿಯುತ್ತರಗಳನ್ನು ಓದುವುದು ಬಹಳ ಬೇಸರದ ಕೆಲಸ. ಮೂವತ್ತಮೂರು ವರ್ಷ ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸಿದ ಹೆಂಗಸು ಹೀಗೆ ಹೇಳಬಾರದು, ಆದರೆ ನಿಮ್ಮ ಹತ್ತಿರ ಮುಚ್ಚಿಡುವುದೇನು? ಸರಿಯುತ್ತರಗಳೆಲ್ಲ ಒಂದೇ ಅಚ್ಚಿನಲ್ಲಿ ತೆಗೆದ ಇಟ್ಟಿಗೆಗಳು. ನಲವತ್ತು ಓದಿದರೂ ಒಂದು ಓದಿದ ಹಾಗೆಯೇ. ತಪ್ಪು ಉತ್ತರಗಳಿಗೆ ಮಾತ್ರ ಒಂದೊಂದಕ್ಕೂ ಒಂದೊಂದು ಮುಖ. ಮನುಷ್ಯನ ಹೃದಯದಲ್ಲಿ ಎಷ್ಟು ಕೋಣೆಗಳಿವೆ ಎಂದು ಕೇಳಿದ್ದಕ್ಕೆ ಹಿಂದೊಮ್ಮೆ ಒಬ್ಬ ಹುಡುಗ "ನಾಲ್ಕು, ಅಡಿಗೆಮನೆ ಬಿಟ್ಟು" ಎಂದು ಬರೆದಿದ್ದ. ನಾಲ್ಕಕ್ಕೆ ಒಂದು ಅಂಕ ಕೊಟ್ಟು, ಅಡಿಗೆಮನೆಗೆಂದು ಅರ್ಧ ಕಳೆದೆ. ಈಗಲೂ ಆ ಅರ್ಧ ಅಂಕ ನೆನಪಾದರೆ ಅವನಿಗೆ ತಿರುಗಿ ಕೊಟ್ಟುಬಿಡೋಣ ಎನ್ನಿಸುತ್ತದೆ.

ಹಾಗೆ ಕೊಡುವವಳಲ್ಲ ನಾನು. ನಾನು ಬೆಳೆದದ್ದು ಹಾಸ್ಟೆಲಿನ ಗಂಟೆಗೆ. ಏಳುವುದಕ್ಕೊಂದು ಗಂಟೆ, ಸ್ನಾನಕ್ಕೊಂದು, ಓದುವುದಕ್ಕೊಂದು, ಓದುವುದನ್ನು ನಿಲ್ಲಿಸುವುದಕ್ಕೊಂದು. ಗಂಟೆ ಹೊಡೆಯುತ್ತಿದ್ದ ಮುದುಕ ತೀರಿಹೋಗಿ ಎಷ್ಟೋ ವರ್ಷವಾಯಿತು, ನನ್ನೊಳಗೆ ಮಾತ್ರ ಅವನಿನ್ನೂ ರಜೆ ತೆಗೆದುಕೊಂಡಿಲ್ಲ. ಕಲಬುರಗಿಯ ಐವಾನ್-ಎ-ಶಾಹಿಯ ಹಿಂದಿನ ಓಣಿಯಲ್ಲಿ ತಮ್ಮನ ಮನೆಯಲ್ಲಿ ಇರುತ್ತೇನೆ. ಬೆಳಗಿನ ಚಹಾ ಆರೂ ಹತ್ತಕ್ಕೆ. ಆರೂ ಕಾಲಾದರೆ ನಾನು ಗಡಿಯಾರ ನೋಡುತ್ತೇನೆ. ತಮ್ಮನ ಹೆಂಡತಿ, "ಅಕ್ಕಾರ, ಐದು ನಿಮಿಷಕ್ಕ ಚಹಾಕ್ಕೇನು ಮುಪ್ಪು ಬರೂದಿಲ್ರಿ" ಎನ್ನುತ್ತಾಳೆ. ಬರುತ್ತದೆ ಎಂದು ನನ್ನ ನಂಬಿಕೆ.

ಇಂಥವಳಿಗೆ ನಿವೃತ್ತಿಯ ನಂತರವೂ ಪರೀಕ್ಷೆ ಬಿಡಲಿಲ್ಲ. ನಾವು ನಾಲ್ಕು ಮಂದಿ ಹಳೆಯ ವಿಜ್ಞಾನ ಶಿಕ್ಷಕರು ಸೇರಿಕೊಂಡು ಪ್ರತಿ ವರ್ಷ ಕೆಲವು ಶಾಲೆಗಳ ಒಂಬತ್ತನೆಯ ತರಗತಿಗೆ ಒಂದು ಪರೀಕ್ಷೆ ಮಾಡುತ್ತೇವೆ. ಬುನಾದಿ ಪರೀಕ್ಷೆ ಎಂದು ಹೆಸರು. ಜೀವಶಾಸ್ತ್ರಕ್ಕೆ ಹತ್ತು, ರಸಾಯನಶಾಸ್ತ್ರಕ್ಕೆ ಹತ್ತು, ಭೌತಶಾಸ್ತ್ರಕ್ಕೆ ಹತ್ತು, ಒಟ್ಟು ಮೂವತ್ತು ಪ್ರಶ್ನೆ, ಮೂವತ್ತು ಅಂಕ. ಎಲೆ ಯಾಕೆ ಹಸಿರು, ಕಬ್ಬಿಣಕ್ಕೆ ಯಾಕೆ ತುಕ್ಕು, ಸಿಡಿಲಿನ ಬೆಳಕು ಮೊದಲು ಕಂಡು ಸದ್ದು ಯಾಕೆ ಆಮೇಲೆ. ಮನೆ ಕಟ್ಟುವ ಮೊದಲು ಮೇಸ್ತ್ರಿ ಕಲ್ಲನ್ನು ಬೆರಳಿನಿಂದ ತಟ್ಟಿ ನೋಡುತ್ತಾನಲ್ಲ, ಅಷ್ಟೇ ಈ ಪರೀಕ್ಷೆ. ಈ ವರ್ಷ ಪ್ರಶ್ನೆಗಳನ್ನೂ ಮಾದರಿ ಉತ್ತರಗಳನ್ನೂ ಬರೆಯುವ ಕೆಲಸ ನನ್ನದಾಗಿತ್ತು. ಕಮಲಾಪುರದ ಒಂದು ಖಾಸಗಿ ಶಾಲೆಯ ಮೂವತ್ತೆಂಟು ಉತ್ತರಪತ್ರಿಕೆಗಳನ್ನು ತಿದ್ದುವುದೂ ನನ್ನ ಪಾಲಿಗೆ ಬಂತು.

ಆ ಕಟ್ಟಿನ ಜೊತೆ ಶಾಲೆಯ ಆಡಳಿತ ಮಂಡಳಿಯ ಕಾರ್ಯದರ್ಶಿಯವರ ಒಂದು ಕಾಗದವೂ ಇತ್ತು. ಅಲ್ಲಿನ ವಿಜ್ಞಾನ ಶಿಕ್ಷಕಿ ರೇಣುಕಾ ಎಂಬವರು ಅತಿಥಿ ಶಿಕ್ಷಕಿ, ಎರಡು ವರ್ಷದಿಂದ ಇದ್ದಾರೆ. ನೋಟ್ಸ್ ಬರೆಸುವುದಿಲ್ಲ, ತರಗತಿಯಲ್ಲಿ ಒಲೆ ಹಚ್ಚಿಕೊಂಡು ಕೂರುತ್ತಾರೆ ಎಂದು ಪಾಲಕರ ದೂರು. ಅವರನ್ನು ಮುಂದುವರಿಸಬೇಕೋ ಬೇಡವೋ ಎಂಬುದನ್ನು ಈ ಪರೀಕ್ಷೆಯ ಫಲಿತಾಂಶ ನೋಡಿ ಶನಿವಾರ ನಿರ್ಧರಿಸುತ್ತೇವೆ, ದಯವಿಟ್ಟು ನಿಷ್ಪಕ್ಷಪಾತವಾಗಿ ತಿದ್ದಿರಿ ಎಂದಿತ್ತು. ನಿಷ್ಪಕ್ಷಪಾತವಾಗಿ ತಿದ್ದು ಎಂದು ನನಗೆ ಹೇಳುವುದು, ಮೀನಿಗೆ ಒದ್ದೆಯಾಗಿರು ಎಂದು ಹೇಳಿದ ಹಾಗೆ. ಸ್ವಲ್ಪ ಸಿಟ್ಟಿನಿಂದಲೇ ಕೆಂಪು ಪೆನ್ನು ತೆಗೆದೆ.

ಆ ಸಿಟ್ಟು ಮೂರನೆಯ ಪತ್ರಿಕೆಗೆ ಇಳಿಯಿತು. ದ್ವಿದಳ ಧಾನ್ಯದ ಗಿಡಗಳ ಬೇರುಗಂಟುಗಳ ಉಪಯೋಗವೇನು ಎಂಬುದಕ್ಕೆ ಒಬ್ಬ ಹುಡುಗ, ತಾನು ತೊಗರಿ ಗಿಡ ಕಿತ್ತು ಗಂಟನ್ನು ಉಗುರಿನಿಂದ ಒಡೆದಾಗ ಒಳಗೆ ನಸುಗೆಂಪು ಇತ್ತು ಎಂದು ಬರೆದು, ಆಮೇಲೆ ಸಾರಜನಕದ ವಿಷಯಕ್ಕೆ ಬಂದಿದ್ದ. ನನ್ನ ಮಾದರಿ ಉತ್ತರದಲ್ಲಿ ಸಾರಜನಕವಿತ್ತು, ಕೆಂಪು ಇರಲಿಲ್ಲ. ಪ್ರತ್ಯಾಮ್ಲವನ್ನು ಗುರುತಿಸುವುದು ಹೇಗೆ ಎಂಬುದಕ್ಕೆ ಲಿಟ್ಮಸ್ ಕಾಗದ ಎಂದು ಬರೆದವರು ನಾಲ್ಕೇ ಮಂದಿ. ಉಳಿದವರು, ಪಲ್ಯದ ಅರಿಸಿನ ಬಿದ್ದ ಅಂಗಿಗೆ ಸಾಬೂನು ಹಚ್ಚಿದರೆ ಕಲೆ ಕೆಂಪಾಗುತ್ತದೆ, ಆದ್ದರಿಂದ ಸಾಬೂನು ಪ್ರತ್ಯಾಮ್ಲ ಎಂದು ಬರೆದಿದ್ದರು. ಒಬ್ಬಳಂತೂ "ಈ ಪ್ರಯೋಗ ಮಾಡಿ ಅವ್ವನ ಕೈಯಲ್ಲಿ ಬೈಸಿಕೊಂಡೆ" ಎಂದು ಷರಾ ಬರೆದಿದ್ದಳು. ಸರಿಯುತ್ತರಕ್ಕೂ ಮುಖವಿರಬಹುದೆಂದು ನನಗೆ ಗೊತ್ತಾದದ್ದು ಆ ದಿನ.

ಎಲ್ಲರ ಪತ್ರಿಕೆಯಲ್ಲೂ ಒಂದೊಂದೇ ಪ್ರಶ್ನೆ ತಿದ್ದುತ್ತ, ಇಷ್ಟು ಖುಷಿಯಲ್ಲಿ ಇಪ್ಪತ್ತಮೂರನೆಯ ಪ್ರಶ್ನೆಗೆ ಬಂದೆ. ನೀರಿನ ಕುದಿಬಿಂದು ಎಷ್ಟು? ಇದು ಪ್ರಶ್ನೆಯಲ್ಲ, ದಾನ. ಏನೂ ಓದದ ಮಗುವಿಗೂ ಒಂದು ಅಂಕ ಸಿಗಲಿ ಎಂದು ಇಟ್ಟದ್ದು. ಮೊದಲನೆಯ ಪತ್ರಿಕೆಯಲ್ಲಿ ತೊಂಬತ್ತೆಂಟೂವರೆ ಡಿಗ್ರಿ ಎಂದಿತ್ತು. ತಪ್ಪು ಹಾಕಿದೆ. ಎರಡನೆಯದರಲ್ಲೂ ತೊಂಬತ್ತೆಂಟೂವರೆ. ಮೂರನೆಯದರಲ್ಲೂ. ಮೂವತ್ತೆಂಟು ಪತ್ರಿಕೆ ತಿರುವಿ ಹಾಕಿದೆ, ಮೂವತ್ತೆಂಟರಲ್ಲೂ ಅದೇ.

ನನ್ನ ಸೇವಾವಧಿಯಲ್ಲಿ ನಕಲು ಹಿಡಿಯುವುದರಲ್ಲಿ ನನಗೊಂದು ಹೆಸರಿತ್ತು. ಸರಿಯುತ್ತರ ಎಲ್ಲರಿಗೂ ಒಂದೇ ಬರಬಹುದು, ತಪ್ಪು ಉತ್ತರ ಎಲ್ಲರಿಗೂ ಒಂದೇ ಬರಬೇಕಾದರೆ ಯಾರೋ ಹೇಳಿಕೊಟ್ಟಿರಬೇಕು. ಹೇಳಿಕೊಟ್ಟವರು ಪರೀಕ್ಷಾ ಕೋಣೆಯಲ್ಲಿದ್ದ ಶಿಕ್ಷಕಿಯಲ್ಲದೆ ಇನ್ನಾರು? ಕೆಲಸ ಉಳಿಸಿಕೊಳ್ಳಲು ಹೇಳಿಕೊಟ್ಟರು, ಅದನ್ನೂ ತಪ್ಪಾಗಿ ಹೇಳಿಕೊಟ್ಟರು. ಹಾಳೆ ತೆಗೆದು ಕಾರ್ಯದರ್ಶಿಯವರಿಗೆ "ಸಾಮೂಹಿಕ ನಕಲು ನಡೆದಿರುವಂತೆ ಕಾಣುತ್ತದೆ" ಎಂದು ಒಂದು ಸಾಲು ಬರೆದೂಬಿಟ್ಟೆ. ಆ ಒಂದು ಸಾಲಿಗೆ ರೇಣುಕಾ ಮನೆಗೆ ಹೋಗುತ್ತಾರೆ ಎಂಬುದು ನನಗೆ ಗೊತ್ತಿತ್ತು.

ಆದರೆ ಕ್ರಮದವಳಿಗೆ ಕ್ರಮವೇ ಕಾವಲು. ನಕಲಿನ ತನಿಖೆಯಲ್ಲಿ ಎರಡನೆಯ ಹೆಜ್ಜೆ ಉಳಿದ ತಪ್ಪುಗಳನ್ನು ಹೋಲಿಸುವುದು. ಕದ್ದ ತಪ್ಪು ಒಂಟಿಯಾಗಿ ಬರುವುದಿಲ್ಲ, ಅಣ್ಣತಮ್ಮಂದಿರನ್ನು ಕರೆದುಕೊಂಡೇ ಬರುತ್ತದೆ. ಇಲ್ಲಿ ನೋಡಿದರೆ ಉಳಿದ ಇಪ್ಪತ್ತೊಂಬತ್ತು ಪ್ರಶ್ನೆಗಳಲ್ಲಿ ಒಬ್ಬೊಬ್ಬರ ತಪ್ಪು ಒಂದೊಂದು ದಿಕ್ಕಿಗೆ. ಮೂವತ್ತೆಂಟು ಮಂದಿ ಕಳ್ಳರು ಇಡೀ ಊರು ಬಿಟ್ಟು ಒಂದೇ ಮನೆಗೆ ನುಗ್ಗಿ, ಒಂದು ಮುರುಕು ತಂಬಿಗೆ ಕದ್ದುಕೊಂಡು ಹೋಗುತ್ತಾರೆಯೆ? ಸಾಲು ಬರೆದ ಹಾಳೆಯನ್ನು ಪುಸ್ತಕದೊಳಗಿಟ್ಟು, ಶುಕ್ರವಾರ ಬೆಳಿಗ್ಗೆ ಕಮಲಾಪುರದ ಬಸ್ಸು ಹತ್ತಿದೆ.

ಶಾಲೆಯ ಮುಖ್ಯಗುರುಗಳು ಶರಣಪ್ಪನವರು ಎದ್ದು ನಿಂತು ಕುರ್ಚಿ ಕೊಟ್ಟರು. ವಿಷಯ ಹೇಳಿದೆ. ಅವರ ಮುಖ ಸಣ್ಣಗಾಯಿತು.

"ನಕಲ್ ಅಂತೂ ಆಗಿಲ್ರಿ ಮೇಡಂ. ಆ ದಿನ ನಾನೇ ಖುದ್ದ ಬಾಗಿಲಾಗ ನಿಂತಿದ್ದೆ," ಎಂದರು. ಆಮೇಲೆ, "ಆದರ ಆ ಹುಡುಗಿ, ರೇಣುಕಾ, ನೀರು ಕುದಿಸೂದು ಭಾಳ ಖರೇ. ಸ್ಟಾಫ್ ರೂಮಿನಾಗ ನಮಗ ಒಂದು ಕಪ್ ಚಹಾ ಇಲ್ಲ, ಅಲ್ಲಿ ದಿನಾ ಕುದೀತಿರ್ತದ" ಎಂದರು.

ಪ್ರಯೋಗಾಲಯವೆಂದರೆ ವಾಲಿಬಾಲ್ ಬಲೆ, ಹಳೆಯ ಬೆಂಚು, ಗಣರಾಜ್ಯೋತ್ಸವದ ಕಮಾನುಗಳ ಜೊತೆ ಜಾಗ ಹಂಚಿಕೊಂಡ ಒಂದು ಕೋಣೆ. ರೇಣುಕಾ ಮೂವತ್ತರ ಆಸುಪಾಸಿನ ಸಣ್ಣ ಆಳು. ನಾನು ಬಂದ ಕಾರಣ ಕೇಳಿಯೂ ವಾದಕ್ಕೆ ಇಳಿಯಲಿಲ್ಲ.

"ನಾ ಹೇಳಿದ್ರ ನೀವು ನಂಬೂದಿಲ್ರಿ ಮೇಡಂ. ನಂಬಲೂಬಾರದು. ಹುಡುಗೂರನ್ನ ಕೇಳ್ರಿ," ಎಂದು ಪಕ್ಕಕ್ಕೆ ಸರಿದು ನಿಂತರು.

ಭಾಗ್ಯಶ್ರೀ ಎಂಬ ಹುಡುಗಿ ಮುಂದೆ ಬಂದಳು. ಅರಿಸಿನದ ಪ್ರಯೋಗಕ್ಕೆ ಅವ್ವನಿಂದ ಬೈಸಿಕೊಂಡವಳು ಅವಳೇ. ಒಲೆ ಹಚ್ಚಿ, ಬೀಕರಿನಲ್ಲಿ ನೀರಿಟ್ಟು, ಥರ್ಮಾಮೀಟರನ್ನು ದಾರದಿಂದ ತೂಗುಬಿಟ್ಟಳು. ನೀರು ಗಳಗಳ ಕುದಿಯಿತು. ಪಾದರಸ ತೊಂಬತ್ತೆಂಟು ದಾಟಿ, ತೊಂಬತ್ತೊಂಬತ್ತು ಮುಟ್ಟದೆ, ನಡುವೆ ನಿಂತುಬಿಟ್ಟಿತು. ಐದು ನಿಮಿಷ ಕಾದೆ. ಅಲುಗಲಿಲ್ಲ.

"ನೀರಿನಾಗ ಏನರ ಬೆರಕಿ ಇರಬೇಕು," ಎಂದೆ.

"ಇಲ್ರಿ ಮೇಡಂ, ಬಟ್ಟಿ ಇಳಿಸಿದ ನೀರು. ಬ್ಯಾಟರಿ ಅಂಗಡಿಯಿಂದ ತಂದೀವಿ."

"ಹಂಗಾದ್ರ ಥರ್ಮಾಮೀಟರ್ ಸರಿ ಇಲ್ಲ."

"ಮೂರು ಅದಾವ್ರಿ. ಮೂರರಾಗೂ ಅಷ್ಟೇ ಬರ್ತದ."

"ಮೂರೂ ಒಂದೇ ಅಂಗಡಿದಾವೇನು? ಮೂರೂ ಕೆಟ್ಟಿರಬಹುದು."

ಹುಡುಗಿ ರೇಣುಕಾರ ಮುಖ ನೋಡಲಿಲ್ಲ. ನನ್ನನ್ನೇ ನೋಡುತ್ತ ಹೇಳಿದಳು: "ನಮಗೂ ಹಂಗೇ ಡೌಟ್ ಬಂತ್ರಿ. ಅದಕ್ಕ ಬರ್ಫದಾಗ ಇಟ್ಟು ನೋಡಿದ್ವಿ. ಮೂರೂ ಸೊನ್ನಿಗೆ ಬಂದು ನಿಂತ್ವು. ತಳದಾಗ ಸರಿ ಇದ್ದದ್ದು ಮ್ಯಾಲ ಯಾಕ ಸುಳ್ಳು ಹೇಳ್ತದ್ರಿ?"

ಹಿಂದಿನಿಂದ ಒಬ್ಬ ಹುಡುಗ, "ನೂರು ಬರಬೇಕಂತ ಒಂದಿನ ಹಟಾ ಹಿಡದು ಕುದಿಸಿದ್ವಿ ಮೇಡಂ. ನೀರೆಲ್ಲಾ ಖಾಲಿ ಆಯ್ತು, ನೂರು ಬರಲಿಲ್ಲ," ಎಂದ. ಎಲ್ಲರೂ ನಕ್ಕರು. ಭಾಗ್ಯಶ್ರೀ ನಗಲಿಲ್ಲ. ಸಮುದ್ರಮಟ್ಟದಿಂದ ನಮ್ಮ ಊರು ನಾಲ್ಕೈದು ನೂರು ಮೀಟರ್ ಮೇಲಿದೆ, ಮೇಲೆ ಹೋದಷ್ಟೂ ಗಾಳಿಯ ಒತ್ತಡ ಕಡಿಮೆ, ಒತ್ತಡ ಕಡಿಮೆಯಾದರೆ ನೀರು ಬೇಗ ಕುದಿಯುತ್ತದೆ, ಅದಕ್ಕೇ ಒಂದೂವರೆ ಡಿಗ್ರಿ ಕಡಿಮೆ ಎಂದು, ಚಿಲ್ಲರೆ ಎಣಿಸಿ ಕೊಟ್ಟ ಹಾಗೆ, ನಿಧಾನವಾಗಿ ಹೇಳಿ ಮುಗಿಸಿದಳು.

ನಾನು ಬೆಂಚಿನ ಮೇಲೆ ಕುಳಿತೆ. ಒತ್ತಡ ಮತ್ತು ಕುದಿಬಿಂದುವಿನ ಪಾಠವನ್ನು ಮೂವತ್ತಮೂರು ಸಲ ಮಾಡಿದವಳು ನಾನು. ಬೆಟ್ಟದ ಮೇಲೆ ನೀರು ಬೇಗ ಕುದಿಯುತ್ತದೆ ಎಂದು ಹೇಳುವಾಗೆಲ್ಲ ನನ್ನ ಕಣ್ಣ ಮುಂದೆ ಹಿಮಾಲಯವಿರುತ್ತಿತ್ತು. ಕಲಬುರಗಿಯವರಿಗೆ ತಾವು ಎತ್ತರದಲ್ಲಿದ್ದೇವೆ ಎಂದು ಅನ್ನಿಸುವುದೇ ಇಲ್ಲ. ಸುತ್ತ ನೋಡಿದರೆ ತೊಗರಿಯ ಹೊಲ ತಾಟಿನ ಹಾಗೆ ಹರಡಿಕೊಂಡಿರುತ್ತದೆ. ಏರಿ ಬಂದ ನೆನಪಿಲ್ಲದವರಿಗೆ ಎತ್ತರ ಗೊತ್ತಾಗುವುದು ಹೇಗೆ?

ಅದಕ್ಕಿಂತ ಕೆಟ್ಟ ನೆನಪು ಇನ್ನೊಂದು ಬಂತು. ನನ್ನ ಪ್ರಯೋಗಾಲಯದಲ್ಲೂ ಪ್ರತಿ ವರ್ಷ ನೀರು ಕುದಿಯುತ್ತಿತ್ತು. ಪ್ರತಿ ವರ್ಷ ಯಾರಾದರೊಬ್ಬ ಹುಡುಗ ಬಗ್ಗಿ ನೋಡಿ "ತೊಂಬತ್ತೆಂಟು ಅದ ಮೇಡಂ" ಎನ್ನುತ್ತಿದ್ದ. "ಕಣ್ಣು ತೆರೆದು ನೋಡು" ಎನ್ನುತ್ತಿದ್ದೆ. ಎರಡನೆಯ ಸಲವೂ ತೊಂಬತ್ತೆಂಟು. ಮೂರನೆಯ ಸಲ ಅವನು ಥರ್ಮಾಮೀಟರನ್ನು ಬಿಟ್ಟು ನನ್ನ ಮುಖವನ್ನು ನೋಡಿ "ಹೌದ್ರಿ, ನೂರು" ಎನ್ನುತ್ತಿದ್ದ. ಜಾಣ ಎಂದು ಬೆನ್ನು ತಟ್ಟುತ್ತಿದ್ದೆ. ವೀಕ್ಷಣೆಯೇ ವಿಜ್ಞಾನದ ತಾಯಿ ಎಂದು ಅದೇ ಕೋಣೆಯ ಗೋಡೆಯ ಮೇಲೆ ಸುಣ್ಣದ ಅಕ್ಷರದಲ್ಲಿ ಬರೆಸಿದವಳೂ ನಾನೇ.

ಈ ನೂರು ಎಂಬ ಅಂಕಿಗಾದರೂ ದೇವರು ಹಾಕಿದ ಮುದ್ರೆಯಿದೆಯೇ ಎಂದರೆ, ಅದೂ ಇಲ್ಲ. ಈ ಮಾಪಕವನ್ನು ಕಂಡುಹಿಡಿದ ಸ್ವೀಡನ್ನಿನ ಮಹಾಶಯ ಮೊದಲು ಕುದಿಯುವುದಕ್ಕೆ ಸೊನ್ನೆ, ಹೆಪ್ಪುಗಟ್ಟುವುದಕ್ಕೆ ನೂರು ಎಂದು ತಲೆಕೆಳಗಾಗಿ ಗುರುತು ಹಾಕಿದ್ದನಂತೆ. ಆಮೇಲಿನವರು ತಿರುಗಿಸಿ ಇಟ್ಟರು. ಹಾಗೆ ತಿರುಗಿಸಿದಾಗ ಯಾರೂ ಯಾರನ್ನೂ ಕೆಲಸದಿಂದ ತೆಗೆಯಲಿಲ್ಲ ಎಂದುಕೊಂಡಿದ್ದೇನೆ. ನೀರಿಗೆ ಇದಾವುದೂ ಗೊತ್ತಿಲ್ಲ. ಅದು ತನ್ನ ಮೇಲಿರುವ ಗಾಳಿಯ ಭಾರ ನೋಡಿಕೊಂಡು ಕುದಿಯುತ್ತದೆ, ಅಷ್ಟೆ.

ಹೊರಡುವಾಗ ಭಾಗ್ಯಶ್ರೀ ಬಾಗಿಲವರೆಗೂ ಬಂದಳು. "ಮೇಡಂ, ಮುಂದಿನ ವರ್ಷ ಬೋರ್ಡ್ ಪರೀಕ್ಷಾದಾಗ ಏನು ಬರೀಬೇಕ್ರಿ?"

ಇದು ಮೂವತ್ತೊಂದನೆಯ ಪ್ರಶ್ನೆ.

"ಸಮುದ್ರದ ದಂಡಿಗೆ ನೂರು, ಕಮಲಾಪುರದಾಗ ತೊಂಬತ್ತೆಂಟೂವರೆ ಅಂತ ಎರಡೂ ಬರಿ," ಎಂದೆ.

"ಎರಡು ಬರದ್ರ ಮಾರ್ಕ್ಸ್ ಕೊಡ್ತಾರೇನ್ರಿ?"

"ತಿದ್ದಾವರು ನನ್ನಂಥಾವರಿದ್ರ ಕೊಡೂದಿಲ್ಲ," ಎಂದೆ. ಆಗ ಅವಳು ನಕ್ಕಳು.

ಮನೆಗೆ ಬಂದವಳೇ ಪುಸ್ತಕದೊಳಗಿನ ಹಾಳೆಯನ್ನು ಹರಿದುಹಾಕಿದೆ. ಉಳಿದ ಮೂವರು ಗೆಳೆಯರಿಗೆ ಫೋನು ಮಾಡಿ, ತೊಂಬತ್ತೆಂಟೂವರೆಗೆ ಅಂಕ ಕೊಡಬೇಕು, ನೂರು ಬರೆದ ಮಕ್ಕಳ ಅಂಕ ಕಳೆಯಬಾರದು, ಏಕೆಂದರೆ ಅವರಿಗೆ ಹಾಗೆ ಕಲಿಸಿದವರು ನಾವೇ ಎಂದು ತಿಳಿಸಿದೆ. ಆಮೇಲೆ ಫಲಿತಾಂಶದ ಪಟ್ಟಿಯನ್ನು ಗೆರೆ ಹೊಡೆದು ಚೊಕ್ಕಟವಾಗಿ ಬರೆದೆ. ಮೂವತ್ತೆಂಟು ಹೆಸರು ಮುಗಿದ ಮೇಲೂ ಕೆಳಗೆ ಒಂದು ಸಾಲಿನ ಜಾಗ ಉಳಿದಿತ್ತು. ಅದನ್ನೂ ತುಂಬಿ ಶನಿವಾರ ಬೆಳಿಗ್ಗೆಯೇ ಕಳಿಸಿಕೊಟ್ಟೆ.

ಮಧ್ಯಾಹ್ನ ಕಾರ್ಯದರ್ಶಿಯವರ ಫೋನು ಬಂತು. "ಮೇಡಂ, ನಮ್ಮ ಹುಡುಗೂರು ಮೂವತ್ತೆಂಟು. ನಿಮ್ಮ ಪಟ್ಟಿಯಾಗ ಮೂವತ್ತೊಂಬತ್ತು ಹೆಸರು ಅದಾವ. ಕೊನೀಗಿರೋರು ಯಾರ್ರಿ? ಹಾಜರಿ ಪುಸ್ತಕದಾಗ ಇಲ್ಲಲ್ಲ."

"ಅದು ನಾನೇ ರೀ."

ಆ ಕಡೆ ಹಾಳೆ ತಿರುವಿದ ಸದ್ದಾಯಿತು. "ಇಪ್ಪತ್ತೊಂಬತ್ತು ಅಂತ ಅದ. ಒಂದು ಎದರಾಗ ಹೋಯ್ತು?"

"ನೀರು ಕುದಿಸೂದ್ರಾಗ." ನಡೆದದ್ದನ್ನು ಮೊದಲಿನಿಂದ ಹೇಳಿದೆ. ಬರ್ಫದ ಮಾತು ಬಂದಾಗ ಅವರು "ಹೌದೇನು" ಎಂದರು. ಕೊನೆಗೆ ಕೇಳಿದರು:

"ಅಂದ್ರ, ರೇಣುಕಾ ಟೀಚರ್ ನಿಮಗಿಂತ ಚಲೋ ಕಲಿಸ್ತಾರ ಅಂತೀರೇನು ಮೇಡಂ?"

"ಭಾಳ ಅಲ್ರಿ," ಎಂದೆ. "ಒಂದು ಮಾರ್ಕಿನಷ್ಟು."

ಅವರು ನಕ್ಕು, ಮುಂದುವರಿಸುವ ಆದೇಶವನ್ನು ಸೋಮವಾರ ರೇಣುಕಾರ ಕೈಗೆ ಕೊಡುತ್ತೇವೆ ಬಿಡಿ ಎಂದರು. ಮೂವತ್ತಮೂರು ವರ್ಷದಲ್ಲಿ ಎಷ್ಟು ಸಾವಿರ ಅಂಕಗಳನ್ನು ಕಳೆದಿದ್ದೇನೋ ಲೆಕ್ಕವಿಲ್ಲ. ಯಾವುದನ್ನು ಕಳೆದಾಗಲೂ ಇಷ್ಟು ಸಂತೋಷವಾಗಿರಲಿಲ್ಲ.